ಸುಣ್ಣದಗೂಡಿನವರು

ದೇರೆಬೈಲ್, ಮಂಗಳೂರು
12 ಫೆಬ್ರವರಿ 2025, ಬುಧವಾರ

ಪ್ರೀತಿಯ ತಮ್ಮ ನಿಝಾರ್‌ಗೆ,

ಅಸ್ಸಲಾಮು ಅಲೈಕುಂ. ಬಂದರಿನ ಸುಲೈಮಾನ್ ಹಾಜಿಯವರು ನನ್ನ ಮಗಳು ಹಫ್ಸಾಳ ಸಂಬಂಧ ಬೇಡವೆಂದಿದ್ದಾರೆ. ಸುದ್ದಿ ತಂದವರು ಅಹ್ಮದ್ ಬಾವ. ನಿನ್ನೆ ಸಂಜೆ ಬಂದು, ಒಳಗೆ ಕರೆದರೂ ಬಾರದೆ, ಗೇಟಿನ ಹೊರಗೆ ನಿಂತೇ ಹೇಳಿ ಹೋದರು. ಈ ಸಂಬಂಧವನ್ನು ಕುದುರಿಸಿದವರೂ ಅವರೇ ಆದ್ದರಿಂದ ಸುದ್ದಿಯಲ್ಲಿ ಸಂಶಯಕ್ಕೆ ಜಾಗವಿಲ್ಲ.

ಕ್ಷೇಮ ವಿಚಾರಿಸುವ ಮೊದಲೇ ಹೀಗೆ ಶುರು ಮಾಡಿದ್ದಕ್ಕೆ ಬೇಜಾರು ಮಾಡಬೇಡ. ನಿನ್ನ ಸೊಂಟನೋವು ಈಗ ಹೇಗಿದೆ? ಅಂಗಡಿಯಲ್ಲಿ ಭಾರದ ಪೆಟ್ಟಿಗೆ ನೀನೇ ಎತ್ತಬೇಡ, ಹುಡುಗರಿಗೆ ಹೇಳು. ಫರ್ಝಾನಾಳ ಶುಗರ್ ಹತೋಟಿಯಲ್ಲಿ ಉಂಟಾ? ಮಕ್ಕಳು ಪರೀಕ್ಷೆಗೆ ಓದುತ್ತಿರಬೇಕು. ಇಲ್ಲಿ ಉಮ್ಮನ ಎಡಗಣ್ಣಿನ ಪೊರೆ ಇನ್ನೂ ಬಲಿತಿಲ್ಲವಂತೆ, ರಮಳಾನ್ ಕಳೆದ ಮೇಲೆ ನೋಡುವ ಅಂತ ಡಾಕ್ಟರ್ ಹೇಳಿದ್ದಾರೆ. ಬಲಗಣ್ಣಿನಲ್ಲಿ ಹೇಗೋ ಸುಧಾರಿಸುತ್ತಾರೆ. ನಾನು ಚೆನ್ನಾಗಿದ್ದೇನೆ. ಹಫ್ಸಾ ಬಲ್ಮಠದ ಕಾಲೇಜಿಗೆ ಹೋಗಿ ಬರುತ್ತಾಳೆ, ಊಟ ಸ್ವಲ್ಪ ಕಡಿಮೆ ಮಾಡಿದ್ದಾಳೆ, ಕೇಳಿದರೆ ಹಸಿವಿಲ್ಲ ಅನ್ನುತ್ತಾಳೆ. ನಿನ್ನ ಫ್ಯಾಮಿಲಿ ಮೀಟಿನಲ್ಲಿ ಎಲ್ಲರಿಗೂ ಹಂಚಿದ ಆ ನೀಲಿ ಟೀ ಶರ್ಟನ್ನು ಅವಳು ಮೊನ್ನೆಯವರೆಗೂ ಹಾಕಿಕೊಂಡೇ ಇದ್ದಳು. ಇವತ್ತು ಬೆಳಿಗ್ಗೆ ಅದರಲ್ಲಿ ಸ್ಕೂಟರ್ ಒರೆಸುತ್ತಿದ್ದಳು.

ಇದನ್ನು ವಾಟ್ಸ್ಯಾಪಿನಲ್ಲಿ ಬರೆಯಬಹುದಿತ್ತು. ಆದರೆ ಫ್ಯಾಮಿಲಿ ಗ್ರೂಪಿನಿಂದ ನಾನು ಹೊರಗೆ ಬಂದಿದ್ದೇನೆ, ಮತ್ತು ನನ್ನ ವಾಯ್ಸ್ ಮೆಸೇಜನ್ನು ನೀನು ಅರ್ಧ ಕೇಳಿ ಹೆಬ್ಬೆರಳಿನ ಚಿತ್ರ ಕಳುಹಿಸುವವನು ಅಂತ ನನಗೆ ಗೊತ್ತು. ಅದಕ್ಕೇ ಕಾಗದ. ಹಫ್ಸಾಳ ಎಳೆಯಪ್ಪ, ಅವಳ ಬಾಪನ ತಮ್ಮ ಅಝರ್ ಭಾನುವಾರ ಸೌದಿಗೆ, ನಿಮ್ಮ ದಮ್ಮಾಮಿಗೆ ಹಿಂತಿರುಗುತ್ತಾನಲ್ಲ, ಅವನ ಕೈಯಲ್ಲಿ ಕೊಡುತ್ತೇನೆ. ನಿನಗೆ ಗೊತ್ತಿರುವ ಕೆಲವು ವಿಷಯಗಳನ್ನೂ ಇಲ್ಲಿ ಬರೆಯಬೇಕಾಗುತ್ತದೆ. ಯಾಕೆಂದರೆ ನಿನ್ನೆ ಫೋನಿನಲ್ಲಿ ನೀನು ಮಾತನಾಡಿದ್ದು ಅವು ಯಾವುದೂ ಗೊತ್ತಿಲ್ಲದವನ ಹಾಗೆ.

ಬಾಪ ನಮಗೆ ಪತ್ರಿಕೆ ಓದಿಸುತ್ತಿದ್ದದ್ದು ನೆನಪಿದೆಯಾ? ಬಂದರಿನ ಅಂಗಡಿಗೆ ಹೊರಡುವ ಮೊದಲು ಅವರು ಚಹಾ ಹಿಡಿದು ಕೂರುವುದು, ನಾವಿಬ್ಬರೂ ಸರದಿಯಲ್ಲಿ ಜೋರಾಗಿ ಓದುವುದು. ಒಂದು ಸುದ್ದಿ ಮುಗಿದ ಕೂಡಲೇ ಅವರ ಪ್ರಶ್ನೆ ಒಂದೇ, "ಹೇಳಿದ್ದು ಯಾರು?" ಪೊಲೀಸರು ತಿಳಿಸಿದ್ದಾರೆ, ಬಂದರು ಅಧಿಕಾರಿ ಹೇಳಿದ್ದಾರೆ ಅಂತ ಇದ್ದರೆ ತಲೆಯಾಡಿಸುವರು. "ಎನ್ನಲಾಗಿದೆ" ಅಂತ ಇದ್ದರೆ ಮಾತ್ರ ಕೈ ಬೀಸಿ, "ಅದು ಬೇಡ ಮಾರಾಯ, ಮುಂದಿನದ್ದು ಓದು" ಅನ್ನುವರು. ಆ ಮನೆಯಲ್ಲಿ ಬೆಳೆದವನು ನೀನು. ಹೇಳಿದ್ದು ಯಾರು ಎಂಬುದಕ್ಕೆ ಎಷ್ಟು ಬೆಲೆ ಅಂತ ನನ್ನಷ್ಟೇ ನಿನಗೂ ಗೊತ್ತಿತ್ತು. ಗೊತ್ತಿದ್ದೇ ಆ ಮೀಟಿನ ದಿನ ಉಮ್ಮನ ಹೆಸರು ಹೇಳಿದೆ.

ನಮ್ಮ ಮನೆತನದ ಹೆಸರಿನ ಬಗ್ಗೆ ಗೊತ್ತಿರುವುದು ಇಷ್ಟು. ಉಮ್ಮನ ಅಜ್ಜಿಯ ತಾಯಿ ಕುಂಞಿಪಾತುಮ್ಮ. ಗಂಡ ಚಿಕ್ಕ ಪ್ರಾಯದಲ್ಲೇ ಜ್ವರದಲ್ಲಿ ತೀರಿಹೋದ. ಆಮೇಲೆ ಅವರು ಹೊಳೆಯ ಬದಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುವ ಗೂಡನ್ನು ನಡೆಸಿ ಮಕ್ಕಳನ್ನು ಸಾಕಿದರು. ಹೆಂಗಸರು ಹೊಳೆಯಲ್ಲಿ ಸೊಂಟದವರೆಗೆ ಇಳಿದು ಚಿಪ್ಪು ತರುವರು, ಇವರು ಸುಡಿಸುವರು, ನೀರು ಚಿಮುಕಿಸಿ ಅರಳಿಸುವರು, ಬುಟ್ಟಿಯಲ್ಲಿ ತುಂಬಿಸಿ ಮಾರುವರು. ಜನ ಆ ಮನೆಯನ್ನು ಸುಣ್ಣದಗೂಡು ಅಂದರು, ಅಲ್ಲಿ ಹುಟ್ಟಿದವರನ್ನು ಸುಣ್ಣದಗೂಡಿನವರು ಅಂದರು. ಉಮ್ಮ ಸಣ್ಣವರಿರುವಾಗ ಆ ಗೂಡಿನ ಮುರಿದ ಗೋಡೆ ಇತ್ತಂತೆ. ಇದನ್ನು ಹೇಳಿದ್ದು ಯಾರು ಅಂದರೆ ಉಮ್ಮ, ಅವರಿಗೆ ಹೇಳಿದ್ದು ಅವರ ಅಜ್ಜಿ, ಆ ಅಜ್ಜಿಯ ಅಂಗೈಯಲ್ಲಿ ಸುಣ್ಣ ತಿಂದ ಕಲೆ ಇತ್ತು. ಬಲ್ಮಠದ ಹಳೆಯ ಕಟ್ಟಡಗಳ ಗೋಡೆಗೆ ನಮ್ಮದೇ ಸುಣ್ಣ ಅಂತಲೂ ಉಮ್ಮ ಹೇಳುವುದುಂಟು. ಅದಕ್ಕೆ ಆಧಾರವಿಲ್ಲ, ಅದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಮ್ಮವರ ಹೆಸರುಗಳೆಲ್ಲ ಹೀಗೇ ಬಂದವು ತಾನೆ? ಬ್ಯಾರಿ ಎಂಬುದೇ ತುಳುವಿನ ಬ್ಯಾರ, ಅಂದರೆ ವ್ಯಾಪಾರದಿಂದ ಬಂತು ಅನ್ನುತ್ತಾರೆ, ಬೇರೆ ಅಭಿಪ್ರಾಯಗಳೂ ಉಂಟು. ಮರಕ್ಕಾರರು ಹಡಗಿನವರು. ಮುಸ್ಲಿಯಾರರು ಓದು ಕಲಿಸಿದವರು. ತಂಙಳ್ ಅಂದರೆ ಸಯ್ಯದ್ ಮನೆತನಕ್ಕೆ ಕೊಡುವ ಗೌರವ. ಕೆಲವರಿಗೆ ಊರಿನ ಹೆಸರು, ಕೆಲವರಿಗೆ ಹಿತ್ತಿಲಿನ ಮರದ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಕೊನೆಯ ಹೆಸರು ಬೇಕು ಅಂದಾಗ ನಮ್ಮ ಎಷ್ಟೋ ಮಂದಿ ಬಾಪನ ಹೆಸರನ್ನೇ ಬರೆದರು, ನೀನೂ ಹಾಗೇ ಮಾಡಿದೆ, ಅದರಲ್ಲಿ ತಪ್ಪಿಲ್ಲ. ಈಗ ನೀನು ಹಿಡಿದುಕೊಂಡ ನಾಖುದಾ ಅಂದರೆ ಹಡಗಿನ ಯಜಮಾನ. ಒಳ್ಳೆಯ ಹೆಸರೇ, ಆದರೆ ಅದು ಬಂದರಿನ ಸುಲೈಮಾನ್ ಹಾಜಿಯವರ ಮನೆಯ ಹೆಸರು. ಅವರ ಹಿರಿಯರು ಲಕ್ಷದ್ವೀಪಕ್ಕೆ ಮಂಜಿ, ಅಂದರೆ ಸರಕಿನ ಹಾಯಿಹಡಗು, ನಡೆಸುತ್ತಿದ್ದರು. ಊರಿಗೆಲ್ಲ ಗೊತ್ತಿರುವ ವಿಷಯ.

ಕಳೆದ ಆಗಸ್ಟಿನಲ್ಲಿ ಹಾಜಿಯವರು ಮೊದಲ ಸಲ ನಮ್ಮ ಮನೆಗೆ ಬಂದಾಗ ನೀನು ಇರಲಿಲ್ಲ. ಹುಡುಗ ಸಫ್ವಾನ್ ಅವರ ತಂಗಿಯ ಮಗ. ಹಫ್ಸಾಳ ಕಾಲೇಜಿನಲ್ಲೇ ಎರಡು ವರ್ಷ ಮುಂದೆ ಓದಿದವನು, ಇಬ್ಬರಿಗೂ ಒಪ್ಪಿಗೆ ಇತ್ತು. ಹಾಜಿಯವರು ಕೂತ ಕೂಡಲೇ ಕೇಳಿದ್ದು ನಮ್ಮ ಮನೆ ಯಾವುದು ಅಂತ. ಉಮ್ಮ ಸುಣ್ಣದಗೂಡು ಅಂದರು. ಹಾಜಿಯವರು ಕುರ್ಚಿಯಿಂದ ಮುಂದೆ ಬಾಗಿ, "ಯಾ ಅಲ್ಲಾಹ್, ನಮ್ಮ ಮಂಜಿಯ ಅಡಿಗೆ ಬಳಿಯುತ್ತಿದ್ದದ್ದು ನಿಮ್ಮ ಗೂಡಿನ ಸುಣ್ಣ ಅಲ್ವಾ ಆಸ್ಯಮ್ಮ!" ಅಂದರು. ಹಿಂದೆ ಮಳೆಗಾಲದಲ್ಲಿ ಮಂಜಿಯನ್ನು ದಡಕ್ಕೆ ಎಳೆದು, ಹುಳ ಹಿಡಿಯದ ಹಾಗೆ ಅಡಿಗೆ ಸುಣ್ಣ, ಎಣ್ಣೆ ಕಲಸಿ ಬಳಿಯುತ್ತಿದ್ದರಂತೆ. ಅವರ ತಾಯಿ ಹೇಳಿದ್ದಂತೆ ಅದು. ಇಬ್ಬರೂ ಮುದುಕರು ಮಾತಿಗೆ ಬಿದ್ದರು, ನಾನು ಕರಿದ ಬಂಗುಡೆ ತಣ್ಣಗಾಯಿತು. ಹೊರಡುವಾಗ ಅವರು ಅಂದದ್ದು, "ಹೆಸರು ನೋಡಿಯೇ ನನಗೆ ಸಮಾಧಾನ ಆಯ್ತು." ಇದನ್ನು ನಾನು ನಿನಗೆ ಅಂದೇ ಫೋನಿನಲ್ಲಿ ಹೇಳಿದ್ದೆ. ನೀನು ಆಗ ಗಿರಾಕಿಯ ಜೊತೆ ಇದ್ದೆ, "ಸರಿ ಸರಿ, ಆಮೇಲೆ ಮಾಡ್ತೇನೆ" ಅಂದೆ.

ನೀನು ಮಾಡಿದ್ದು ಫ್ಯಾಮಿಲಿ ಮೀಟ್. ಡಿಸೆಂಬರಿನಲ್ಲಿ ರಜೆಗೆ ಬಂದವನು ಕೊಟ್ಟಾರದ ಹಾಲ್ ಹಿಡಿದೆ, ಅಡುಗೆಯವರನ್ನು ಹಿಡಿದೆ, ಉಳ್ಳಾಲದಿಂದ ಸುರತ್ಕಲ್ಲಿನವರೆಗೆ ಇದ್ದ ನಮ್ಮವರನ್ನೆಲ್ಲ ಸೇರಿಸಿದೆ. ಅದು ದೊಡ್ಡ ಕೆಲಸ, ಈಗಲೂ ಅಲ್ಲ ಅನ್ನುವುದಿಲ್ಲ. ಉಮ್ಮ ಒಂದು ವಾರದಿಂದ ಯಾವ ಸೀರೆ ಅಂತ ಕೇಳುತ್ತಿದ್ದರು. ಹಾಲಿನ ಬಾಗಿಲಿನಲ್ಲಿ ಆ ದೊಡ್ಡ ಬ್ಯಾನರ್ ನೋಡಿ, ನಾಖುದಾ ಫ್ಯಾಮಿಲಿ ಅಂದರೆ ಎಂತದು ಅಂತ ನಾನು ಕೇಳಿದೆ. ನೀನು ನಕ್ಕು, "ಅದು ಡಿಸೈನಿಗೆ ಹಾಕಿದ್ದು ಅಕ್ಕ. ಸುಣ್ಣದಗೂಡು ಅಂತ ಹಾಕಿದ್ರೆ ಜನ ವೀಳ್ಯದೆಲೆ ಹಿಡ್ಕೊಂಡು ಬರ್ತಾರೆ" ಅಂದೆ. ಸುತ್ತ ನಿಂತವರು ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನನ್ನು ಊಟದ ಕಡೆಗೆ ಕಳುಹಿಸಿದೆ, ಬಡಿಸುವವರು ಸಾಲದು ಅಂತ. ಸಾಲದೆ ಇರಲಿಲ್ಲ. ಅಲ್ಲಿ ಹೋಗಿ ನೋಡಿದರೆ ಬಡಿಸುವವರು ಕೈ ಕಟ್ಟಿ ನಿಂತಿದ್ದರು.

ವೇದಿಕೆಯಲ್ಲಿ ಏನಾಯಿತು ಅಂತ ನನಗೆ ತಿಳಿದದ್ದು ಮೊನ್ನೆ, ವೀಡಿಯೋ ನೋಡಿ. ಮುಸ್ಲಿಮರ ಮನೆತನದ ಹೆಸರುಗಳ ಅರ್ಥ ಅಂತ ಇಂಟರ್ನೆಟ್ಟಿನಿಂದ ಇಳಿಸಿದ್ದನ್ನು ಪರದೆಯ ಮೇಲೆ ತೋರಿಸುತ್ತಾ ನೀನು ಭಾಷಣ ಮಾಡುತ್ತೀ. ಖಾನ್, ಶೇಖ್, ಮಿರ್ಝಾ, ಎಲ್ಲ ಮುಗಿದು ನಾಖುದಾ ಬರುತ್ತದೆ. ನಮ್ಮ ಮೂಲಪುರುಷ ಯೆಮನಿನಿಂದ ಬಂದ ಒಬ್ಬ ಹಡಗಿನ ಯಜಮಾನ, ಸುಣ್ಣದ ಗೂಡು ಅವನ ಸರಕು ಇಡುವ ಜಾಗ ಮಾತ್ರ, ಕಾಲಕ್ರಮದಲ್ಲಿ ಜನ ತಪ್ಪಾಗಿ ಆ ಹೆಸರು ಹಿಡಿದರು ಅನ್ನುತ್ತೀ. ಕುಂಞಿಪಾತುಮ್ಮ ನಿನ್ನ ಕಥೆಯಲ್ಲಿ ಇಲ್ಲವೇ ಇಲ್ಲ. ಆಮೇಲೆ ಉಮ್ಮನನ್ನು ಮೇಲೆ ಕರೆದು, ಶಾಲು ಹೊದಿಸಿ, ಮೈಕಿನಲ್ಲಿ ಹೇಳುತ್ತೀ, "ಇದನ್ನೆಲ್ಲ ನನಗೆ ಹೇಳಿದ್ದು ನನ್ನ ಉಮ್ಮ." ಉಮ್ಮನಿಗೆ ಆ ಪರದೆಯ ಅಕ್ಷರ ಕಾಣುವುದಿಲ್ಲ, ಕಂಡರೂ ಓದಲು ಬರುವುದಿಲ್ಲ, ಸ್ಪೀಕರಿನ ಗದ್ದಲದಲ್ಲಿ ಮಾತು ಸರಿಯಾಗಿ ಕೇಳುವುದೂ ಇಲ್ಲ. ಮಗ ಶಾಲು ಹೊದಿಸಿದ ಸಂತೋಷಕ್ಕೆ ತಲೆಯಾಡಿಸಿ ನಗುತ್ತಾರೆ. ಆ ನಗುವನ್ನು ನಾನು ಎಷ್ಟು ಸಲ ನೋಡಿದೆನೋ. ಅವರು ನಂಬಿದ್ದು ಸುಣ್ಣದಗೂಡಿನ ಹಿರಿಯಳು ಅಂತ ಶಾಲು ಸಿಕ್ಕಿತು ಎಂದು. ಮನೆಗೆ ಬಂದು ಅದನ್ನು ಮಡಚಿ ನಮಾಝಿನ ಚಾಪೆಯ ಜೊತೆ ಇಟ್ಟಿದ್ದರು.

ಹೋಗುವ ಮೊದಲು ನೀನು ಗೇಟಿಗೆ ಕಲ್ಲಿನ ಬೋರ್ಡ್ ಹಾಕಿಸಿದೆ, ನಾಖುದಾ ಮಂಝಿಲ್ ಅಂತ. ನಾವು ಮೂವರೂ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ನಾನು ಕೇಳಿದ್ದಕ್ಕೆ ಆರ್ಡರ್ ಕೊಟ್ಟಾಗಿದೆ, ಕಲ್ಲು ವಾಪಸ್ ತಕ್ಕೊಳ್ಳುವುದಿಲ್ಲ, ಮುಂದಿನ ಸಲ ಬಂದಾಗ ನೋಡುವ ಅಂದೆ. ಪಕ್ಕದ ಮನೆಯ ರೊಸಾಲಿನ್ ಬಾಯಿ ಕಂಪೌಂಡಿನ ಆಚೆಯಿಂದ, "ಎಂತ ಸುಹೈಲಾ, ಹೇಳದೆ ಕೇಳದೆ ಮನೆ ಮಾರಿದ್ರಾ? ಬೇರೆಯವರ ಹೆಸರು ಉಂಟು" ಅಂದರು. ತಮ್ಮನ ಆಸೆ ಅಂದೆ. ಅವರು, "ನಮ್ಮ ಹೆಸರು ಪಾದ್ರಿ ಕೊಟ್ಟದ್ದು, ಅದರ ಹಿಂದೆ ನಮ್ಮವರು ಎಂತ ಆಗಿದ್ರು ಅಂತ ಹೇಳುವವರಿಲ್ಲ. ನಿಮಗೆ ಗೊತ್ತಿತ್ತು, ನೀವು ತೆಗೆದು ಬಿಸಾಡಿದ್ರಿ" ಅಂದರು. ನಾನು ಬಟ್ಟೆ ಒಣಗಿಸುವ ನೆಪದಲ್ಲಿ ಈಚೆ ಬಂದೆ.

ವೀಡಿಯೋ ಯಾರದೋ ಮೊಬೈಲಿನಿಂದ ಯಾರದೋ ಮೊಬೈಲಿಗೆ ಹೋಗಿ, ಬಂದರಿನ ಹಾಜಿಯವರನ್ನು ಮುಟ್ಟಿತು. ಕಳೆದ ಭಾನುವಾರ ಹಾಜಿಯವರು ಅಹ್ಮದ್ ಬಾವನನ್ನು ಕರೆದುಕೊಂಡು ಬಂದರು. ನಿಕಾಹ್ ರಮಳಾನ್ ಕಳೆದು ಶವ್ವಾಲಿನಲ್ಲಿ ಅಂತ ಮಾತಾಗಿತ್ತಲ್ಲ, ದಿನ ಗೊತ್ತು ಮಾಡಲು ಬಂದರು ಅಂತ ನಾನು ಎಣಿಸಿದೆ. ಅವರು ಗೇಟಿನ ಹತ್ತಿರ ನಿಂತು ಬೋರ್ಡಿನ ಮೇಲೆ ಬೆರಳಾಡಿಸಿ ಓದುವುದು ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಒಳಗೆ ಬಂದವರು ದನಿ ಎತ್ತರಿಸಲಿಲ್ಲ. "ಆಸ್ಯಮ್ಮ, ನೀವು ನಾಖುದಾ ಮನೆಯವರಾದ್ರೆ ನಾವು ಒಂದೇ ಮನೆ. ಒಂದೇ ಮನೆಯೊಳಗೆ ಹೆಣ್ಣು ತರುವುದು ನಮ್ಮ ಹಿರಿಯರು ಮಾಡಿದ್ದಿಲ್ಲ. ಅಲ್ಲ ಅಂತಾದ್ರೆ, ನಮ್ಮ ಹೆಸರು ನಿಮಗೆ ಎಂತಕ್ಕೆ?" ಅಂದರು. ಅಹ್ಮದ್ ಬಾವ ಮಧ್ಯೆ ಬಾಯಿ ಹಾಕಿ, ಶರೀಅತ್ತಿನಲ್ಲಿ ಇದಕ್ಕೇನೂ ಅಡ್ಡಿಯಿಲ್ಲ, ಉಸ್ತಾದರನ್ನು ಕೇಳುವ ಅಂದರು. ಹಾಜಿಯವರು, "ನಾನು ಧರ್ಮದ ಮಸ್‌ಅಲ ಕೇಳಿದ್ದಲ್ಲ ಬಾವ, ಮರ್ಯಾದೆ ಕೇಳಿದ್ದು" ಅಂದರು. ಮತ್ತೆ ಉಮ್ಮನ ಕಡೆ ತಿರುಗಿ ಕೇಳಿದರು, "ನಿಮ್ಮ ಮಗ ಹೇಳ್ತಾನೆ ಇದು ನೀವು ಹೇಳಿದ್ದು ಅಂತ. ನೀವು ಹೇಳಿದ್ದಾ?"

ಉಮ್ಮನಿಗೆ ಆಗಲೇ ಗೊತ್ತಾದದ್ದು ನೀನು ಏನು ಹೇಳಿದ್ದಿ ಅಂತ. ನಾನು ಪಕ್ಕದಲ್ಲೇ ಇದ್ದೆ. ಅಲ್ಲ ಅಂತ ಹೇಳುತ್ತಾರೆ ಅಂತ ಕಾಯುತ್ತಿದ್ದೆ. ಅವರು ಸೀರೆಯ ಸೆರಗನ್ನು ಬೆರಳಿಗೆ ಸುತ್ತಿ, "ಹೌದು, ನಾನೇ ಹೇಳಿದ್ದು" ಅಂದರು.

"ಹಾಗಾದ್ರೆ ಆಗಸ್ಟಿನಲ್ಲಿ ನನಗೆ ಹೇಳಿದ ಗೂಡಿನ ಕಥೆ ಎಂತದು?" ಅಂತ ಹಾಜಿಯವರು ಕೇಳಿದರು. ಉಮ್ಮ ಸೆರಗಿನ ಸುತ್ತು ಬಿಚ್ಚಿ ಮತ್ತೆ ಸುತ್ತಿದರು. ಹಾಜಿಯವರು ಎದ್ದು ಸಲಾಂ ಹೇಳಿ ಹೋದರು, ಚಹಾ ಮುಟ್ಟಲಿಲ್ಲ. ಅಹ್ಮದ್ ಬಾವ ಗಾಬರಿಯಲ್ಲಿ ಇಬ್ಬರ ಚಹಾವನ್ನೂ ಕುಡಿದು ಅವರ ಹಿಂದೆ ಓಡಿದರು. ಎಪ್ಪತ್ತೆಂಟು ವರ್ಷದ ಹೆಂಗಸು ಊರಿನಲ್ಲಿ ಮೊದಲ ಸಲ ಸುಳ್ಳಿ ಅಂತಾದರು, ನಿನಗೋಸ್ಕರ. ಆಮೇಲೆ ನಾನು ಕೂಗಾಡಿದೆ, ಯಾಕೆ ಹಾಗೆ ಹೇಳಿದ್ದು ಅಂತ. ಅವರು ಹೇಳಿದ್ದು ಇಷ್ಟೇ, "ಮಗ ಸುಳ್ಳ ಅಂತ ನನ್ನ ಬಾಯಲ್ಲಿ ಹೇಗೆ ಬರ್ತದೆ?"

ಸುದ್ದಿ ಬಂದ ಮೇಲೆ ನಿನ್ನೆ ನಿನಗೆ ಫೋನ್ ಮಾಡಿದೆ. ಹೀಗಾಯಿತು, ಹಾಜಿಯವರಿಗೆ ನೀನೇ ಒಂದು ಮಾತು ಹೇಳು ಅಂದೆ. ನೀನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. "ಒಂದು ಹೆಸರಿಗೆ ಇಷ್ಟು ಗಲಾಟೆ ಎಂತಕ್ಕೆ ಅಕ್ಕ? ಅವರ ಎದುರು ನಾವು ಸಣ್ಣವರಾಗಿ ಕಾಣಬಾರದು ಅಂತ ಮಾಡಿದ್ದು. ಮತ್ತೆ, ಉಮ್ಮ ಒಪ್ಪಿದ್ದಾರಲ್ಲ, ವೀಡಿಯೋ ಉಂಟಲ್ಲ." ನಿಝಾರ್, ನಾವು ಅವರ ಎದುರು ಸಣ್ಣವರಾಗಿ ಇರಲೇ ಇಲ್ಲ. ಅವರು ಒಪ್ಪಿದ್ದೇ ಗೂಡಿನವರು ಅಂತ. ಸಣ್ಣ ಅಂತ ಅನ್ನಿಸಿದ್ದು ನಿನಗೆ ಒಬ್ಬನಿಗೆ. ಅದಾದರೂ ಇರಲಿ, ಮನುಷ್ಯನಿಗೆ ಹಾಗೆ ಅನ್ನಿಸಬಹುದು. ಆದರೆ ಕಣ್ಣು ಸರಿಯಾಗಿ ಕಾಣದ ಉಮ್ಮನನ್ನು ಮೆಟ್ಟಿಲು ಹತ್ತಿಸಿ ಸಾಕ್ಷಿ ಮಾಡಿದೆಯಲ್ಲ, ಮತ್ತು ಅವರು ನಿನ್ನನ್ನು ಕಾಪಾಡಿದ ಮೇಲೂ ಆ ವೀಡಿಯೋವನ್ನೇ ನನಗೆ ತೋರಿಸಲು ಬಂದೆಯಲ್ಲ, ಅದನ್ನು ದಾಟಿ ಹೋಗಲು ನನ್ನಿಂದ ಆಗುವುದಿಲ್ಲ.

ಇನ್ನೊಂದು ಮಾತು. ನಮ್ಮ ಕಡೆಯಲ್ಲಿ ಮನೆಯ ಹೆಸರು ತಾಯಿಯಿಂದ ಮಗಳಿಗೆ ಹೋಗುವುದು. ಉಮ್ಮನಿಂದ ನನಗೆ ಬಂತು, ನನ್ನಿಂದ ಹಫ್ಸಾಳಿಗೆ, ಅವಳ ಮಕ್ಕಳಿಗೆ. ನಿನ್ನ ಮಕ್ಕಳು ಫರ್ಝಾನಾಳ ಮನೆಯವರು, ಅದರಲ್ಲಿ ಕಡಿಮೆಯೇನಿಲ್ಲ. ನೀನು ಗೂಡಿನಲ್ಲಿ ಹುಟ್ಟಿದವನು, ಆದರೆ ಆ ಹೆಸರನ್ನು ಮುಂದೆ ದಾಟಿಸುವವನು ನೀನಲ್ಲ. ನಿನ್ನ ಕೈಯಲ್ಲಿ ಇಲ್ಲದ್ದನ್ನು ನೀನು ಬದಲಿಸಿದೆ, ಯಾರ ಕೈಯಲ್ಲಿ ಇತ್ತೋ ಅವಳ ಮದುವೆ ನಿಂತಿತು. ಹಫ್ಸಾಳ ಬಾಪ ತೀರಿಹೋದ ಮೇಲೆ ಅವಳು ಯಾವುದಕ್ಕೂ "ಮಾಮನನ್ನು ಕೇಳುವ" ಅನ್ನುತ್ತಿದ್ದಳು. ಸೈಕಲ್ಲಿಗೂ ನಿನ್ನನ್ನೇ ಕೇಳಿದ್ದು, ಕಾಲೇಜಿಗೂ ನಿನ್ನನ್ನೇ. ನಿನ್ನೆ ನಾನು ನಿನಗೆ ಫೋನ್ ಮಾಡುವಾಗ ಅವಳು ಎದ್ದು ಒಳಗೆ ಹೋದಳು. ಏನಾದರೂ ಬರೆಯಬೇಕಾ ಅಂತ ಈಗ ಕೇಳಿದೆ. "ಸಲಾಂ ಬರಿ, ಬೇರೆ ಎಂತ ಬೇಡ" ಅಂದಳು. ಆ ಸಲಾಮನ್ನು ಇಲ್ಲಿ ಬರೆದಿದ್ದೇನೆ.

ಅಝರ್ ಕೈಯಲ್ಲಿ ಒಂದು ಡಬ್ಬಿ ಉಪ್ಪಿನಕಾಯಿ, ಸ್ವಲ್ಪ ಒಣ ಸಿಗಡಿ, ಫರ್ಝಾನಾ ಕೇಳಿದ್ದ ಪುನರ್ಪುಳಿ ಕಳುಹಿಸುತ್ತಿದ್ದೇನೆ. ಸಿಟ್ಟು ಬಂತೆಂದು ಇವನ್ನು ನಿಲ್ಲಿಸಲು ನನಗೆ ಬರುವುದಿಲ್ಲ. ಅವಳಿಗೂ ಮಕ್ಕಳಿಗೂ ನನ್ನ ಸಲಾಂ. ಅಲ್ಲಾಹನು ನಿನಗೆ ಆರೋಗ್ಯವನ್ನೂ ನೆಟ್ಟಗಿನ ಮಾತನ್ನೂ ಕೊಡಲಿ.

ನಿನ್ನ ಅಕ್ಕ,
ಸುಹೈಲಾ, ಸುಣ್ಣದಗೂಡು

ಮರೆತದ್ದು, ಶನಿವಾರ ಬೆಳಿಗ್ಗೆ ಸೇರಿಸಿದ್ದು: ಕಾಗದ ಮುಚ್ಚಿ ಆಗಿತ್ತು, ಮತ್ತೆ ಬಿಡಿಸಿದೆ. ಸುಬಹಿ ನಮಾಝ್ ಮುಗಿಸಿ ಉಮ್ಮ ಆ ಶಾಲನ್ನು ತಂದು ನನ್ನ ಮುಂದೆ ಇಟ್ಟರು, ಇದನ್ನೂ ಅಝರ್ ಕೈಯಲ್ಲಿ ನಿನಗೆ ಕಳುಹಿಸಬೇಕಂತೆ. ಉಪ್ಪಿನಕಾಯಿ ಡಬ್ಬಿಗೆ ಸುತ್ತಿದ್ದೇನೆ, ಜೋಪಾನವಾಗಿ ಬಿಡಿಸು. ಹಾಜಿಯವರ ಮನೆಗೆ ತಾನೇ ಹೋಗಿ, ಮಗನನ್ನು ಉಳಿಸಲು ಸುಳ್ಳು ಹೇಳಿದೆ, ಹೆಸರಿನ ಕಥೆ ನನ್ನದಲ್ಲ, ಮಗನದ್ದು, ಅಂತ ಅವರ ಮನೆಯವರೆಲ್ಲರ ಎದುರು ಹೇಳುತ್ತೇನೆ ಅಂದಿದ್ದಾರೆ. ಹಾಗೆ ಹೇಳಿದರೆ ಸಂಬಂಧ ಉಳಿಯುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ನಿನಗೆ ಮೊದಲು ತಿಳಿಸಬೇಕಂತೆ, ಬೇಕಾದರೆ ಅದನ್ನು ನೀನೇ ಹೇಳಬಹುದು ಅಂತ, ಅದಕ್ಕಾಗಿ ಐದಾರು ದಿನ ಕಾಯುತ್ತಾರಂತೆ. ಹಾಜಿಯವರ ನಂಬರ್ ಅಝರ್ ಹತ್ತಿರ ಉಂಟು. ನೀನು ಫೋನ್ ಮಾಡಿದರೂ ಮಾಡದಿದ್ದರೂ, ಬರುವ ಶುಕ್ರವಾರ, 21ರಂದು, ಸಂಜೆಯ ಅಸರ್ ನಮಾಝಿನ ನಂತರ ಉಮ್ಮ ಅಹ್ಮದ್ ಬಾವನ ಕಾರಿನಲ್ಲಿ ಬಂದರಿಗೆ ಹೋಗುತ್ತಾರೆ.